ತಣ್ಣೀರ ಕಡಲು: ಮದ್ದು, ಮೋಜು, ಮೃತ್ಯು



ಕಡಲ ತೀರ ಎಂದೊಡನೆ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತದೆ? ಮಲ್ಪೆಯ ಉದ್ದನೆಯ ಮರಳುದಂಡೆ, ಗೋಕರ್ಣದ ಓಂ ತೀರ, ಕಾರವಾರದ ಗಾಳಿಮರಗಳ ಸಾಲು, ಉಳ್ಳಾಲದ ಸೂರ್ಯಾಸ್ತ – ಇವುಗಳಲ್ಲಿ ಒಂದಾದರೂ ನಿಮ್ಮ ಶಾಲಾ ಪ್ರವಾಸದ ನೆನಪಿನಲ್ಲಿ ಇದ್ದೀತು. ಕಾಲಿನ ಬಟ್ಟೆ ಮಡಿಸಿಕೊಂಡು ನೀರಿಗೆ ಇಳಿದರೆ ಅಲೆ ಬಂದು ಪಾದವನ್ನು ಬೆಚ್ಚಗೆ ತೋಯಿಸಿ ಹೋಗುತ್ತದೆ. ನಮ್ಮ ಅರಬ್ಬೀ ಸಮುದ್ರದ ಮೇಲ್ನೀರಿನ ಉಷ್ಣತೆ ವರ್ಷದ ಬಹುಪಾಲು 27ರಿಂದ 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆದ್ದರಿಂದ ಕಡಲಿನ ನೀರು ಎಂದರೆ ಬೆಚ್ಚನೆಯ ನೀರು ಎಂದೇ ನಾವು ತಿಳಿದಿದ್ದೇವೆ.

ಭೂಮಿಯ ಮೇಲಿನ ಎಲ್ಲ ಕಡಲುಗಳೂ ಹೀಗಿಲ್ಲ. ಇಂಗ್ಲೆಂಡಿನ ಪೂರ್ವಕ್ಕಿರುವ ಉತ್ತರ ಸಮುದ್ರದಲ್ಲಿ ಚಳಿಗಾಲದ ಕೊನೆಗೆ ನೀರಿನ ಉಷ್ಣತೆ ಐದಾರು ಡಿಗ್ರಿಗೆ ಇಳಿಯುತ್ತದೆ. ಅಂದರೆ ಫ್ರಿಜ್ಜಿನಲ್ಲಿಟ್ಟ ಬಾಟಲಿಯ ನೀರಿನಷ್ಟು ತಣ್ಣಗೆ. ನಡುಬೇಸಿಗೆಯಲ್ಲಿಯೂ ಅದು 15 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಆಶ್ಚರ್ಯದ ಸಂಗತಿಯೆಂದರೆ, ರಜೆ ಕಳೆಯಲು ಕಡಲ ತೀರಕ್ಕೆ ಹೋಗುವ ಆಧುನಿಕ ಪದ್ಧತಿ ಬೇರೂರಿದ್ದು ನಮ್ಮಂಥ ಬೆಚ್ಚನೆಯ ತೀರಗಳಲ್ಲಿ ಅಲ್ಲ, ಈ ತಣ್ಣೀರಿನ ತೀರಗಳಲ್ಲಿ.

ಇದು ಹೇಗಾಯಿತು? ಹಲ್ಲು ಕಟಕಟಿಸುವ ನೀರಿಗೆ ಜನ ಹಣ ಕೊಟ್ಟು ಇಳಿದದ್ದೇಕೆ? ಆ ನೀರು ಎಷ್ಟು ಜನರನ್ನು ಬಲಿ ತೆಗೆದುಕೊಂಡಿತು, ಅದರಿಂದ ಪಾರಾಗುವ ದಾರಿಯನ್ನು ಮನುಷ್ಯ ಹೇಗೆ ಕಲಿತ? ಈ ಪ್ರಶ್ನೆಗಳನ್ನು ಹಿಡಿದುಕೊಂಡು ಇಂಗ್ಲೆಂಡಿನ ಕರಾವಳಿಯ ಮೂರು ಶತಮಾನಗಳ ಕಥೆಯನ್ನು ಒಮ್ಮೆ ನೋಡಿ ಬರೋಣ. ಕೊನೆಗೆ ನಮ್ಮ ತೀರಕ್ಕೇ ಮರಳೋಣ. ಏಕೆಂದರೆ ಈ ಕಥೆಯಲ್ಲಿ ನಿಮ್ಮ ಪ್ರಾಣಕ್ಕೆ ಸಂಬಂಧಿಸಿದ ಒಂದು ಪಾಠವಿದೆ.

ಕಡಲು ಮದ್ದಾಯಿತು

ಹಿಂದಿನ ಕಾಲದಲ್ಲಿ ಇಂಗ್ಲೆಂಡಿನ ಸಾಮಾನ್ಯ ಜನರಿಗೆ ಕಡಲು ವಿಹಾರದ ಸ್ಥಳವಾಗಿರಲಿಲ್ಲ. ಅದು ಮೀನುಗಾರರ, ನಾವಿಕರ ದುಡಿಮೆಯ ನೆಲೆ. ಹಡಗು ಒಡೆಯುವ ಜಾಗ, ಶತ್ರುಗಳು ಬಂದಿಳಿಯುವ ದಾರಿ. ನೋಟದ ಸುಖಕ್ಕಾಗಿ ದಡದಲ್ಲಿ ಕುಳಿತುಕೊಳ್ಳುವ ಅಭ್ಯಾಸವೇ ಇರಲಿಲ್ಲ. ನಮ್ಮಲ್ಲಿ ಪುಣ್ಯಕ್ಕಾಗಿ ಸಮುದ್ರಸ್ನಾನ ಮಾಡುವ ಪದ್ಧತಿ ಬಹಳ ಹಳೆಯದು. ಅಲ್ಲಿ ಜನರನ್ನು ನೀರಿಗೆ ಇಳಿಸಿದ್ದು ಪುಣ್ಯವಲ್ಲ, ವೈದ್ಯ.

ಯಾರ್ಕ್‌ಷೈರಿನ ಸ್ಕಾರ್‌ಬರೋ ಎಂಬ ಊರಿನಲ್ಲಿ 1626ರ ಸುಮಾರಿಗೆ ಥಾಮಸಿನ್ ಫ್ಯಾರರ್ ಎಂಬ ಮಹಿಳೆ ಕಡಲ ಬಂಡೆಯ ಬುಡದಲ್ಲಿ ಖನಿಜಯುಕ್ತ ನೀರಿನ ಒಂದು ಒರತೆಯನ್ನು ಕಂಡಳು. ರೋಗ ವಾಸಿಯಾಗುತ್ತದೆಂದು ಜನ ಅದನ್ನು ಕುಡಿಯತೊಡಗಿದರು. 1660ರಲ್ಲಿ ರಾಬರ್ಟ್ ವಿಟ್ಟಿ ಎಂಬ ವೈದ್ಯ ಆ ನೀರಿನ ಗುಣಗಳ ಬಗ್ಗೆ ಪುಸ್ತಕ ಬರೆದ. ಒರತೆಯ ನೀರು ಕುಡಿಯಲು ಬಂದವರ ಎದುರಿಗೇ ಕಡಲು ಇತ್ತು. ಒರತೆಯ ನೀರು ಒಳ್ಳೆಯದಾದರೆ ಕಡಲಿನ ನೀರು ಏಕಾಗಬಾರದು? ಕ್ರಮೇಣ ಸ್ಕಾರ್‌ಬರೋ ಸಮುದ್ರಸ್ನಾನಕ್ಕೂ ಹೆಸರಾಯಿತು. ಸೆಟ್ಟರಿಂಗ್‌ಟನ್ ಎಂಬಾತ 1735ರಲ್ಲಿ ಕೆತ್ತಿದ ಚಿತ್ರವೊಂದರಲ್ಲಿ ಅಲ್ಲಿನ ತೀರದಲ್ಲಿ ಸ್ನಾನಕ್ಕೆ ಇಳಿದವರೂ ಚಕ್ರಗಳ ಮೇಲಿನ ಒಂದು ಮರದ ಗೂಡೂ ಕಾಣುತ್ತವೆ.

ಈ ಪದ್ಧತಿಗೆ ದೊಡ್ಡ ಪ್ರಚಾರ ಕೊಟ್ಟವನು ಸಸೆಕ್ಸಿನ ವೈದ್ಯ ರಿಚರ್ಡ್ ರಸೆಲ್. ಗ್ರಂಥಿಗಳ ರೋಗಕ್ಕೆ ಸಮುದ್ರದ ನೀರು ಮದ್ದು ಎಂದು ಆತ 1750ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಬಂಧ ಬರೆದ. ಎರಡೇ ವರ್ಷಗಳಲ್ಲಿ ಅದು ಇಂಗ್ಲಿಷಿಗೂ ಬಂತು. ಅವನ ಮಾತಿನಂತೆ ರೋಗಿಗಳು ಕಡಲಿನಲ್ಲಿ ಮುಳುಗಬೇಕಿತ್ತು. ಅಷ್ಟೇ ಅಲ್ಲ, ಆ ಉಪ್ಪುನೀರನ್ನು ಕುಡಿಯಲೂ ಬೇಕಿತ್ತು! ಅವನು ನೆಲೆಸಿದ ಬ್ರೈಟ್‌ಹೆಲ್ಮ್‌ಸ್ಟನ್ ಎಂಬ ಬಡ ಮೀನುಗಾರರ ಊರೇ ಮುಂದೆ ಬ್ರೈಟನ್ ಎಂಬ ಜಗತ್ಪ್ರಸಿದ್ಧ ವಿಹಾರಧಾಮವಾಯಿತು.

ಇಲ್ಲಿ ಒಂದು ಅಂಶವನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆ ಕಾಲದ ವೈದ್ಯರ ದೃಷ್ಟಿಯಲ್ಲಿ ಚಿಕಿತ್ಸೆಯ ಸಾರವಿದ್ದದ್ದು ನೀರಿನ ತಣ್ಣನೆಯಲ್ಲಿ. ರೋಗಿಯನ್ನು ಥಟ್ಟನೆ ಮುಳುಗಿಸಬೇಕು. ಅವನ ಉಸಿರು ಒಮ್ಮೆಲೇ ಎಳೆದುಕೊಳ್ಳಬೇಕು. ಆ ಆಘಾತದಿಂದ ದೇಹ ಚುರುಕಾಗುತ್ತದೆ ಎಂಬುದು ಅವರ ನಂಬಿಕೆ. ಈ ‘ಎಳೆದುಕೊಂಡ ಉಸಿರು’ ನಮ್ಮ ಕಥೆಯಲ್ಲಿ ಮತ್ತೊಮ್ಮೆ ಬರುತ್ತದೆ. ಆಗ ಅದರ ಅರ್ಥವೇ ಬೇರೆಯಾಗಿರುತ್ತದೆ.

ಗಾಡಿಯಲ್ಲಿ ಕುಳಿತು ಕಡಲಿಗೆ

ಹದಿನೆಂಟನೆಯ ಶತಮಾನದ ಶ್ರೀಮಂತ ಮಹಿಳೆ ಕಡಲಿಗೆ ಇಳಿಯುತ್ತಿದ್ದ ರೀತಿ ಕೇಳಿದರೆ ನಿಮಗೆ ನಗು ಬರಬಹುದು. ಚಕ್ರಗಳ ಮೇಲೆ ನಿಲ್ಲಿಸಿದ ಮರದ ಗೂಡೊಂದನ್ನು ಆಕೆ ದಡದಲ್ಲಿ ಹತ್ತುತ್ತಿದ್ದಳು. ಒಳಗೆ ಬಟ್ಟೆ ಬದಲಿಸುತ್ತಿರುವಾಗಲೇ ಕುದುರೆ ಆ ಗಾಡಿಯನ್ನು ನೀರಿನೊಳಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಕಡಲ ಕಡೆಯ ಬಾಗಿಲು ತೆರೆದರೆ ಮೆಟ್ಟಿಲು. ಕೆಳಗೆ ನೀರಿನಲ್ಲಿ ಗಟ್ಟಿಮುಟ್ಟಾದ ಒಬ್ಬ ಹೆಂಗಸು ನಿಂತಿರುತ್ತಿದ್ದಳು. ಅವಳ ಕೆಲಸ ಗಿರಾಕಿಯನ್ನು ಹಿಡಿದು ಮುಳುಗಿಸಿ ಎತ್ತುವುದು. ಇಂಥವರನ್ನು ‘ಡಿಪ್ಪರ್’ ಎನ್ನುತ್ತಿದ್ದರು. ಮಾರ್ಗೇಟ್ ಎಂಬ ಊರಿನ ಬೆಂಜಮಿನ್ ಬೀಲ್ ಎಂಬಾತ ಗಾಡಿಗೆ ಕ್ಯಾನ್ವಾಸಿನ ಒಂದು ಮುಸುಕನ್ನೂ ಜೋಡಿಸಿದ. ಅದನ್ನು ನೀರಿನ ಮೇಲೆ ಇಳಿಬಿಟ್ಟರೆ ಸ್ನಾನ ಮಾಡುವವರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಬ್ರೈಟನ್ನಿನ ಮಾರ್ಥಾ ಗನ್ ಡಿಪ್ಪರುಗಳಲ್ಲೆಲ್ಲ ಹೆಸರಾದವಳು. 1726ರಲ್ಲಿ ಹುಟ್ಟಿದ ಆಕೆ ದಶಕಗಳ ಕಾಲ ಈ ಕೆಲಸ ಮಾಡಿ 1815ರಲ್ಲಿ ತೀರಿಕೊಂಡಳು. ರಾಜಕುಮಾರನಿಂದ ಹಿಡಿದು ಊರಿನ ಜನರವರೆಗೆ ಎಲ್ಲರಿಗೂ ಅವಳು ಪರಿಚಿತಳು. ಇತಿಹಾಸದ ಪುಸ್ತಕಗಳಲ್ಲಿ ವೈದ್ಯರ ಹೆಸರುಗಳು ದೊಡ್ಡದಾಗಿ ಕಾಣುತ್ತವೆ. ಆದರೆ ದಿನವಿಡೀ ಸೊಂಟದುದ್ದ ತಣ್ಣೀರಿನಲ್ಲಿ ನಿಂತು, ಅಲೆಯ ಬರವನ್ನು ನೋಡಿಕೊಂಡು, ಈಜು ಬಾರದವರನ್ನು ಕೈಬಿಡದೆ ದಡ ಸೇರಿಸಿದವರು ಮಾರ್ಥಾಳಂಥ ಬಡ ಹೆಂಗಸರು. ವೈದ್ಯನ ಚೀಟಿಯ ಹಿಂದೆ ಇವರ ತೋಳಿನ ಬಲವಿತ್ತು.

ಅರಸರು ಬಂದ ಮೇಲೆ ಊರಿನ ಬೆಲೆ ಏರದೆ ಇರುತ್ತದೆಯೇ? ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಮೂರನೆಯ ಜಾರ್ಜ್ ದೊರೆ 1789ರ ಬೇಸಿಗೆಯಲ್ಲಿ ವೇಮತ್ ಎಂಬ ದಕ್ಷಿಣದ ಊರಿಗೆ ಹೋದ. ದೊರೆ ನೀರಿನಲ್ಲಿ ತಲೆ ಮುಳುಗಿಸಿದೊಡನೆ ಪಕ್ಕದ ಸ್ನಾನದ ಗಾಡಿಯಲ್ಲಿ ಅಡಗಿದ್ದ ವಾದ್ಯಗಾರರು ರಾಜಗೀತೆ ನುಡಿಸಿದರೆಂದು ಅರಮನೆಯಲ್ಲಿದ್ದ ಲೇಖಕಿ ಫ್ಯಾನಿ ಬರ್ನಿ ದಾಖಲಿಸಿದ್ದಾಳೆ. ಅವನ ಮಗ, ಮುಂದೆ ನಾಲ್ಕನೆಯ ಜಾರ್ಜ್ ಆದವನು, 1783ರಿಂದಲೇ ಬ್ರೈಟನ್ನಿಗೆ ಬರತೊಡಗಿದ್ದ. ಅವನ ಹಿಂದೆ ಶ್ರೀಮಂತರು, ಸೈನ್ಯಾಧಿಕಾರಿಗಳು, ಸಾಲಗಾರರು, ಸೊಗಸುಗಾರರು ಎಲ್ಲರೂ ಬಂದರು. ಇಂಗ್ಲಿಷ್ ಸಾಹಿತ್ಯ ಓದುವ ಕಾಲೇಜು ವಿದ್ಯಾರ್ಥಿಗಳಿಗೆ ಜೇನ್ ಆಸ್ಟೆನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಗೊತ್ತಿರುತ್ತದೆ. ಅದರಲ್ಲಿ ಲಿಡಿಯಾ ಎಂಬ ಹುಡುಗಿ ವಿಕ್‌ಹ್ಯಾಮನ ಜೊತೆ ಓಡಿಹೋಗುವುದು ಬ್ರೈಟನ್ನಿನಿಂದಲೇ. 1813ರಲ್ಲಿ ಆ ಕಾದಂಬರಿ ಅಚ್ಚಾಗುವ ಹೊತ್ತಿಗೆ ಬ್ರೈಟನ್ ಎಂದರೆ ಮದ್ದಿಗಿಂತ ಮೋಜಿನ ಊರೆಂದು ಓದುಗರಿಗೆ ವಿವರಿಸಬೇಕಾಗಿರಲಿಲ್ಲ.

ಪಟ್ನಾದಿಂದ ಬ್ರೈಟನ್ನಿಗೆ

ಈ ಕಥೆಯಲ್ಲಿ ಭಾರತೀಯನೊಬ್ಬನೂ ಇದ್ದಾನೆಂದರೆ ನಿಮಗೆ ಸಂತೋಷವಾದೀತು. ಅವನ ಹೆಸರು ಶೇಖ್ ದೀನ್ ಮಹಮದ್. 1759ರಲ್ಲಿ ಪಟ್ನಾದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿದ್ದು, ಅನಂತರ ಐರ್ಲೆಂಡಿಗೆ ಹೋಗಿ ನೆಲೆಸಿದವನು. 1794ರಲ್ಲಿ ಅವನು ಪ್ರಕಟಿಸಿದ ಪ್ರವಾಸ ಕಥನ ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕವೆಂದು ಹೆಸರಾಗಿದೆ. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಅಡುಗೆಯ ಹೋಟೆಲು ತೆರೆದ. ಅದು ನಷ್ಟವಾಗಿ ದಿವಾಳಿಯಾದ. ಧೃತಿಗೆಡದೆ 1814ರಲ್ಲಿ ಬ್ರೈಟನ್ನಿಗೆ ಬಂದ.

ಅಲ್ಲಿ ಅವನು ಕಂಡದ್ದೇನು? ವೈದ್ಯರು ಹೇಳಿದರೆಂದು ಸಾವಿರಾರು ಜನ ತಣ್ಣೀರಿನಲ್ಲಿ ನಡುಗುತ್ತಿದ್ದಾರೆ. ಇವರಿಗೆ ಬಿಸಿ ಹಬೆಯ ಸ್ನಾನ, ಮೂಲಿಕೆಗಳ ವಾಸನೆ, ಮೈಯೊತ್ತುವ ಆರೈಕೆ ಸಿಕ್ಕರೆ? ಅವನು ಸ್ನಾನಗೃಹ ತೆರೆದ. ಮೈ ಒತ್ತುವುದಕ್ಕೆ ಹಿಂದಿಯಲ್ಲಿರುವ ‘ಚಾಂಪ್ನಾ’ ಎಂಬ ಮಾತಿನಿಂದಲೇ ಇಂಗ್ಲಿಷಿನ ‘ಶಾಂಪೂ’ ಹುಟ್ಟಿದ್ದು. ಆಗ ಆ ಪದಕ್ಕೆ ಮೈಯೊತ್ತುವುದು ಎಂದೇ ಅರ್ಥ. ತಲೆ ತೊಳೆಯುವ ದ್ರವ ಎಂಬ ಅರ್ಥ ಆಮೇಲೆ ಬಂದದ್ದು. ಕೀಲುನೋವಿನವರು, ಪಾರ್ಶ್ವವಾಯು ಬಡಿದವರು ಅವನ ಬಳಿಗೆ ಬಂದರು. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ದೊರೆಗಳಿಗೆ ಅವನು ‘ಶಾಂಪೂಯಿಂಗ್ ಸರ್ಜನ್’ ಆದ. 1851ರಲ್ಲಿ ತೀರಿಕೊಂಡ. ತಣ್ಣೀರಿನಲ್ಲಿ ಮುಳುಗಿಸುತ್ತಿದ್ದ ಮಾರ್ಥಾ ಗನ್ ಮತ್ತು ಬಿಸಿ ಹಬೆಯಲ್ಲಿ ಮೈ ಸಡಿಲಿಸುತ್ತಿದ್ದ ದೀನ್ ಮಹಮದ್ ಇಬ್ಬರ ಸಮಾಧಿಗಳೂ ಬ್ರೈಟನ್ನಿನ ಸೇಂಟ್ ನಿಕೊಲಸ್ ಚರ್ಚಿನ ಆವರಣದಲ್ಲಿವೆ.

ಬ್ರೈಟನ್ನಿನಲ್ಲಿ ಇನ್ನೊಂದು ಭಾರತೀಯ ನೆನಪೂ ಇದೆ. ರಾಜಕುಮಾರ ಅಲ್ಲಿ ಕಟ್ಟಿಸಿದ ಅರಮನೆಗೆ ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರಿಂದ ಮುಂದಕ್ಕೆ ಭಾರತೀಯ ಮಾದರಿಯ ಗುಮ್ಮಟಗಳನ್ನೂ ಮಿನಾರುಗಳನ್ನೂ ಕೂಡಿಸಿದ. ಒಂದು ಶತಮಾನದ ನಂತರ, ಮೊದಲ ಮಹಾಯುದ್ಧದ ಕಾಲದಲ್ಲಿ, ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಅದೇ ಅರಮನೆ ಆಸ್ಪತ್ರೆಯಾಯಿತು. ಅಲ್ಲಿ ತೀರಿಕೊಂಡವರಲ್ಲಿ 53 ಮಂದಿ ಹಿಂದೂ ಮತ್ತು ಸಿಖ್ ಸೈನಿಕರ ದಹನ ಊರಾಚೆಯ ಗುಡ್ಡದ ಮೇಲೆ ನಡೆಯಿತು. ಆ ಸ್ಥಳದಲ್ಲಿ 1921ರಲ್ಲಿ ಅನಾವರಣಗೊಂಡ ಅಮೃತಶಿಲೆಯ ‘ಛತ್ರಿ’ ಇಂದಿಗೂ ಇದೆ.

ರೈಲು ಬಂತು, ಜನ ಬಂದರು

ಅಲ್ಲಿಯವರೆಗೆ ಕಡಲ ತೀರ ಉಳ್ಳವರ ಸೊತ್ತಾಗಿತ್ತು. ಅದನ್ನು ಎಲ್ಲರದ್ದಾಗಿ ಮಾಡಿದ್ದು ರೈಲು. ಲಂಡನ್ನಿನಿಂದ ಬ್ರೈಟನ್ನಿಗೆ ರೈಲು ಬಂದದ್ದು 1841ರಲ್ಲಿ. ಸ್ಕಾರ್‌ಬರೋಗೆ 1845ರಲ್ಲಿ, ಬ್ಲ್ಯಾಕ್‌ಪೂಲಿಗೆ 1846ರಲ್ಲಿ ಹಳಿ ತಲಪಿತು. ಕುದುರೆಗಾಡಿಯಲ್ಲಿ ಹಗಲಿನ ಬಹುಭಾಗ ಹಿಡಿಯುತ್ತಿದ್ದ ದಾರಿಯನ್ನು ಈಗ ಬೆಳಿಗ್ಗೆ ಹೋಗಿ ಸಂಜೆ ಮರಳುವಷ್ಟು ಬೇಗ ಮುಗಿಸಬಹುದಿತ್ತು. 1871ರ ಕಾಯಿದೆಯೊಂದು ಕೆಲವು ದಿನಗಳನ್ನು ಬ್ಯಾಂಕ್ ರಜಾದಿನಗಳೆಂದು ಗೊತ್ತುಮಾಡಿತು. ಕಾರ್ಮಿಕರೂ ಗುಮಾಸ್ತರೂ ಕುಟುಂಬ ಸಮೇತ ಕಡಲಿಗೆ ಹೊರಟರು.

ಬ್ಲ್ಯಾಕ್‌ಪೂಲ್ ಬೆಳೆದದ್ದು ಲ್ಯಾಂಕಷೈರಿನ ಹತ್ತಿ ಗಿರಣಿಗಳ ಕಾರ್ಮಿಕರಿಂದ. ವರ್ಷಕ್ಕೊಮ್ಮೆ ಊರೂರಿನ ಗಿರಣಿಗಳು ಸರದಿಯಂತೆ ಕೆಲವು ದಿನ ಬಾಗಿಲು ಹಾಕುತ್ತಿದ್ದವು. ಆಗ ಊರಿಗೆ ಊರೇ ಬ್ಲ್ಯಾಕ್‌ಪೂಲಿಗೆ ಹೋಗುತ್ತಿತ್ತು. ಈ ಗಿರಣಿಗಳ ಬಟ್ಟೆಯೇ ನಮ್ಮ ದೇಶದ ಪೇಟೆಗಳನ್ನು ತುಂಬಿ ನಮ್ಮ ನೇಕಾರರ ಮಗ್ಗಗಳನ್ನು ನಿಲ್ಲಿಸಿದ್ದು ಎಂಬುದನ್ನು ನೀವು ಪಠ್ಯದಲ್ಲಿ ಓದಿದ್ದೀರಿ. ಆ ಗಿರಣಿಗಳಲ್ಲಿ ದುಡಿದವರೂ ಬಡವರೇ. ವರ್ಷವಿಡೀ ಹತ್ತಿಯ ಧೂಳು ಕುಡಿದವರಿಗೆ ಆ ಕೆಲವು ದಿನಗಳ ತಣ್ಣನೆಯ ಉಪ್ಪುಗಾಳಿಯೇ ಸ್ವರ್ಗ. ನೀರು ತಣ್ಣಗಿದ್ದರೇನು? ಸಮುದ್ರದ ಮೇಲಕ್ಕೆ ಚಾಚಿದ ಕಟ್ಟೆಗಳ ಮೇಲೆ ಅಡ್ಡಾಟ, ಕತ್ತೆ ಸವಾರಿ, ವಾದ್ಯಗೋಷ್ಠಿ. 1894ರ ಮೇಲೆ ಬ್ಲ್ಯಾಕ್‌ಪೂಲಿನಲ್ಲಿ ಎತ್ತರದ ಗೋಪುರವೂ ಇತ್ತು.

ಅದೇ ಕಡಲಿನ ಇನ್ನೊಂದು ಮುಖ

ವಿಹಾರಕ್ಕೆ ಬಂದವರು ನೋಡುತ್ತಿದ್ದ ಕಡಲೇ ಅಲ್ಲಿನ ನಾವಿಕರ ಪಾಲಿಗೆ ಮೃತ್ಯುಕೂಪವಾಗಿತ್ತು. 1789ರಲ್ಲಿ, ಅಂದರೆ ದೊರೆ ವೇಮತ್‌ನಲ್ಲಿ ವಾದ್ಯಸಮೇತ ಸ್ನಾನ ಮಾಡಿದ ವರ್ಷವೇ, ಉತ್ತರದ ಟೈನ್ ನದಿಯ ಮುಖದಲ್ಲಿ ‘ಅಡ್ವೆಂಚರ್’ ಎಂಬ ಹಡಗು ದಿಬ್ಬಕ್ಕೆ ಬಡಿಯಿತು. ದಡದಲ್ಲಿ ನೆರೆದಿದ್ದ ಜನರ ಕಣ್ಣೆದುರಿಗೇ ನಾವಿಕರು ಒಬ್ಬೊಬ್ಬರಾಗಿ ನೀರಿಗೆ ಬಿದ್ದರು. ಆ ಅಲೆಗಳಲ್ಲಿ ಹೋಗಬಲ್ಲ ದೋಣಿಯೇ ಇರಲಿಲ್ಲ. ಈ ದುರಂತದಿಂದ ನೊಂದ ಸೌತ್ ಶೀಲ್ಡ್ಸ್ ಊರಿನವರು ಮುಳುಗದ ದೋಣಿಯ ವಿನ್ಯಾಸಕ್ಕೆ ಸ್ಪರ್ಧೆ ಏರ್ಪಡಿಸಿದರು. ಹೆನ್ರಿ ಗ್ರೇಟ್‌ಹೆಡ್ ಕಟ್ಟಿದ ಜೀವರಕ್ಷಕ ದೋಣಿ 1790ರಲ್ಲಿ ನೀರಿಗಿಳಿಯಿತು. ಅವನೇ 1802ರಲ್ಲಿ ಕಟ್ಟಿದ ‘ಜೆಟ್‌ಲ್ಯಾಂಡ್’ ಎಂಬ ದೋಣಿ ರೆಡ್‌ಕಾರ್ ಊರಿನ ವಸ್ತುಸಂಗ್ರಹಾಲಯದಲ್ಲಿ ಉಳಿದು ಬಂದಿದೆ.

ಮುಂದೆ ಸರ್ ವಿಲಿಯಂ ಹಿಲರಿ ಎಂಬಾತ ಮ್ಯಾನ್ ದ್ವೀಪದಲ್ಲಿ ಹಡಗುಗಳು ಒಡೆಯುವುದನ್ನು ಕಂಡು, ದೇಶಕ್ಕೆಲ್ಲ ಒಂದು ರಕ್ಷಣಾ ಸಂಸ್ಥೆ ಬೇಕೆಂದು 1823ರಲ್ಲಿ ಮನವಿ ಪ್ರಕಟಿಸಿದ. 1824ರ ಮಾರ್ಚ್ 4ರಂದು ಸಂಸ್ಥೆ ಸ್ಥಾಪನೆಯಾಯಿತು. 1854ರಲ್ಲಿ ಅದಕ್ಕೆ ‘ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್’ ಎಂದು ಹೆಸರಾಯಿತು. ಜನರ ವಂತಿಗೆಯಿಂದ ನಡೆಯುವ ಈ ಸಂಸ್ಥೆ ಎರಡು ಶತಮಾನಗಳಲ್ಲಿ 1,40,000ಕ್ಕೂ ಹೆಚ್ಚು ಪ್ರಾಣಗಳನ್ನು ಉಳಿಸಿದೆ. ದೋಣಿ ನಡೆಸುವವರಲ್ಲಿ ಬಹುಪಾಲು ಸ್ವಯಂಸೇವಕರು.

1838ರ ಸೆಪ್ಟೆಂಬರ್ 7ರ ಮುಂಜಾನೆಯ ಘಟನೆಯನ್ನು ಕೇಳಿ. ‘ಫೋರ್ಫಾರ್‌ಷೈರ್’ ಎಂಬ ಉಗಿಹಡಗು ಫಾರ್ನ್ ದ್ವೀಪಗಳ ಬಂಡೆಗೆ ಬಡಿದು ಎರಡು ತುಂಡಾಯಿತು. ಹತ್ತಿರದ ಲಾಂಗ್‌ಸ್ಟೋನ್ ದೀಪಸ್ತಂಭದ ಕಾವಲುಗಾರನ ಮಗಳು ಗ್ರೇಸ್ ಡಾರ್ಲಿಂಗ್ ಬಂಡೆಯ ಮೇಲೆ ಜನ ಇರುವುದನ್ನು ಕಂಡಳು. ವಯಸ್ಸು 22. ತಂದೆ ಮತ್ತು ಮಗಳು ಸಣ್ಣ ಹುಟ್ಟುದೋಣಿಯಲ್ಲಿ ಬಿರುಗಾಳಿಯ ನಡುವೆ ಸುಮಾರು ಒಂದು ಮೈಲಿ ಸಾಗಿದರು. ಎರಡು ಸಲದ ಪಯಣದಲ್ಲಿ ಆ ಬಂಡೆಯ ಮೇಲಿದ್ದ ಒಂಬತ್ತು ಮಂದಿ ಪಾರಾದರು. ಅವರಲ್ಲಿ ಒಬ್ಬ ತಾಯಿ ಇದ್ದಳು. ಅವಳ ತೋಳಿನಲ್ಲಿದ್ದ ಎರಡು ಮಕ್ಕಳು ಆ ರಾತ್ರಿಯ ಚಳಿಯಲ್ಲಿ ಆಗಲೇ ಅಸುನೀಗಿದ್ದವು. ದೇಶವೆಲ್ಲ ಗ್ರೇಸಳನ್ನು ಕೊಂಡಾಡಿತು. ನಾಲ್ಕೇ ವರ್ಷಗಳಲ್ಲಿ, 1842ರಲ್ಲಿ, ಆಕೆ ಕ್ಷಯದಿಂದ ತೀರಿಕೊಂಡಳು.

ಇನ್ನೊಂದು ಘಟನೆ 1861ರ ಫೆಬ್ರವರಿ 9ರದ್ದು. ವಿಟ್‌ಬಿ ಎಂಬ ಬಂದರಿನ ಮುಂದೆ ಬಿರುಗಾಳಿಗೆ ಸಿಕ್ಕಿ ಹಡಗಿನ ಮೇಲೆ ಹಡಗು ಒಡೆಯುತ್ತಿತ್ತು. ಊರಿನ ಜೀವರಕ್ಷಕ ದೋಣಿಯ 13 ಮಂದಿ ಬೆಳಗಿನಿಂದ ಹಲವು ಸಲ ಕಡಲಿಗೆ ಹೋಗಿ ಜನರನ್ನು ಉಳಿಸಿ ತಂದಿದ್ದರು. ಮತ್ತೊಮ್ಮೆ ಹೋದಾಗ ದೋಣಿ ಮಗುಚಿತು. ದಡದಲ್ಲಿದ್ದ ಹೆಂಡತಿ ಮಕ್ಕಳ ಎದುರಿಗೇ 12 ಮಂದಿ ಸತ್ತರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಅವನ ಮೈಮೇಲೆ ಕ್ಯಾಪ್ಟನ್ ವಾರ್ಡ್ 1854ರಲ್ಲಿ ರೂಪಿಸಿದ ಹೊಸ ಬೆಂಡಿನ ಜಾಕೆಟ್ ಇತ್ತು. ಉಳಿದವರ ಮೈಮೇಲೆ ಅದಿರಲಿಲ್ಲ. ಒಂದು ಜಾಕೆಟ್ಟಿಗೂ ಒಂದು ಪ್ರಾಣಕ್ಕೂ ಇರುವ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಘಟನೆ ಅಪರೂಪ. ಫ್ರೀಮನ್ ಕಡಲನ್ನು ಬಿಡಲಿಲ್ಲ. ಮುಂದೆ ಅದೇ ಊರಿನ ದೋಣಿಯ ಮುಖ್ಯಸ್ಥನಾಗಿ ವರ್ಷಾನುಗಟ್ಟಲೆ ದುಡಿದು ನೂರಾರು ಜನರನ್ನು ಉಳಿಸಿದ.

ಮೊದಲ ಮೂರು ನಿಮಿಷ

ಈಗ ವಿಜ್ಞಾನದ ಮಾತಿಗೆ ಬರೋಣ. ತಣ್ಣೀರಿನಲ್ಲಿ ಬಿದ್ದವನು ಸಾಯುವುದು ಹೇಗೆ? ಮೈಯ ಶಾಖ ಕ್ರಮೇಣ ಇಳಿದು ಸಾಯುತ್ತಾನೆ ಎಂದು ಬಹುಕಾಲ ನಂಬಲಾಗಿತ್ತು. ಅದು ಪೂರ್ತಿ ಸುಳ್ಳಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಚುರುಕಾಗಿ ಶಾಖವನ್ನು ಒಯ್ಯುತ್ತದೆ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದಾಗ ನೀರಿನ ಉಷ್ಣತೆ ಸೊನ್ನೆಗಿಂತಲೂ ಕೆಳಗಿತ್ತು. ಜೀವರಕ್ಷಕ ಜಾಕೆಟ್ ತೊಟ್ಟು ತೇಲುತ್ತಿದ್ದವರೂ ಅಲ್ಲಿ ಬದುಕಲಿಲ್ಲ.

ಆದರೆ ಸಾಧಾರಣ ದೇಹದ ವಯಸ್ಕನಿಗೆ ಅಪಾಯಕಾರಿ ಮಟ್ಟಕ್ಕೆ ಮೈ ತಣ್ಣಗಾಗಲು ಕನಿಷ್ಠ ಅರ್ಧ ಗಂಟೆಯಾದರೂ ಬೇಕು. ಹಾಗಿದ್ದರೆ ದಡದಿಂದ ನಾಲ್ಕು ಮಾರು ದೂರದಲ್ಲಿ, ಈಜು ಬಲ್ಲವರೇ, ಎರಡೇ ನಿಮಿಷದಲ್ಲಿ ಮುಳುಗಿ ಸಾಯುವುದೇಕೆ? ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನೌಕಾದಳದ ವೈದ್ಯ ಫ್ರಾಂಕ್ ಗೋಲ್ಡನ್, ಪೋರ್ಟ್ಸ್‌ಮತ್ ವಿಶ್ವವಿದ್ಯಾನಿಲಯದ ಮೈಕೆಲ್ ಟಿಪ್ಟನ್ ಮೊದಲಾದವರು ಈ ಪ್ರಶ್ನೆಗೆ ಉತ್ತರ ಹುಡುಕಿದರು.

ಅವರು ವಿವರಿಸಿದ್ದು ಹೀಗೆ. 15 ಡಿಗ್ರಿಗಿಂತ ತಣ್ಣನೆಯ ನೀರು ಮೈಗೆ ತಾಗಿದೊಡನೆ ಚರ್ಮದ ನರಗಳು ಮಿದುಳಿಗೆ ಅಪಾಯದ ಸೂಚನೆ ಕಳಿಸುತ್ತವೆ. ಮನುಷ್ಯ ತನಗೆ ಅರಿವಿಲ್ಲದೆ ಒಮ್ಮೆಲೇ ದೀರ್ಘವಾಗಿ ಉಸಿರೆಳೆಯುತ್ತಾನೆ. ಆ ಕ್ಷಣ ಬಾಯಿ ನೀರೊಳಗಿದ್ದರೆ ಒಳಗೆ ಹೋಗುವುದು ಗಾಳಿಯಲ್ಲ, ನೀರು. ಮರುಕ್ಷಣದಿಂದ ಏದುಸಿರು, ಎಷ್ಟು ಪ್ರಯತ್ನಿಸಿದರೂ ಉಸಿರು ಹತೋಟಿಗೆ ಬರುವುದಿಲ್ಲ. ದಡದಲ್ಲಿ ಒಂದು ನಿಮಿಷ ಉಸಿರು ಬಿಗಿಹಿಡಿಯಬಲ್ಲವನು ಇಲ್ಲಿ ಕೆಲವೇ ಸೆಕೆಂಡು ಹಿಡಿದಾನು. ಹೃದಯದ ಬಡಿತ, ರಕ್ತದೊತ್ತಡ ಎರಡೂ ಏರುತ್ತವೆ. ಇದೇ ‘ಶೀತಾಘಾತ’. ಇದರ ಅಬ್ಬರ ಒಂದರಿಂದ ಮೂರು ನಿಮಿಷ. ಇದನ್ನು ದಾಟಿದವನಿಗೆ ಅನಂತರ ಕೈಕಾಲುಗಳ ಸ್ನಾಯುಗಳು ತಣ್ಣಗಾಗಿ ಸೋಲುತ್ತವೆ. ಈಜಲು ಶಕ್ತಿ ಇರುವುದಿಲ್ಲ. ಮೈಯ ಒಳಶಾಖ ಇಳಿಯುವುದು ಇದಾದ ಮೇಲೆ.

ಮಿತ್ರರೇ, ಈಗ ಹಿಂದಿನ ಮಾತನ್ನು ನೆನಪಿಸಿಕೊಳ್ಳಿ. ಹದಿನೆಂಟನೆಯ ಶತಮಾನದ ವೈದ್ಯರು ಯಾವ ಆಘಾತವನ್ನು ಮದ್ದು ಎಂದು ಬರೆದುಕೊಟ್ಟರೋ, ಯಾವ ‘ಎಳೆದುಕೊಂಡ ಉಸಿರ’ನ್ನು ಆರೋಗ್ಯದ ಲಕ್ಷಣವೆಂದು ತಿಳಿದರೋ, ಅದೇ ತಣ್ಣೀರಿನ ಮೊದಲ ಕೊಲೆಗಾರ ಎಂದು ತಿಳಿಯಲು ಎರಡು ಶತಮಾನಗಳೇ ಬೇಕಾದವು. ಅವರ ರೋಗಿಗಳಲ್ಲಿ ಬಹುಮಂದಿ ಬದುಕಿ ಬಂದದ್ದಕ್ಕೆ ಕಾರಣ ವೈದ್ಯನ ಸಿದ್ಧಾಂತಕ್ಕಿಂತ, ತೋಳು ಹಿಡಿದು ನಿಂತಿದ್ದ ಡಿಪ್ಪರು ಮತ್ತು ಕಾಲಿಗೆ ಎಟಕುತ್ತಿದ್ದ ನೆಲ.

ಹಾಗಾದರೆ ತಣ್ಣೀರಿನಲ್ಲಿ ಈಜಲೇಬಾರದೇ? ಈಜಬಹುದು, ಅಭ್ಯಾಸ ಬೇಕು. ಐದಾರು ಸಲ ಕೆಲವೇ ನಿಮಿಷ ತಣ್ಣೀರಿನಲ್ಲಿ ಇದ್ದು ಬಂದರೆ ಶೀತಾಘಾತ ಅರ್ಧದಷ್ಟು ತಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ. 1875ರ ಆಗಸ್ಟ್‌ನಲ್ಲಿ ಮ್ಯಾಥ್ಯೂ ವೆಬ್ 21 ಗಂಟೆ 45 ನಿಮಿಷಗಳಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ. ನಮ್ಮ ದೇಶದ ಮಿಹಿರ್ ಸೇನ್ 1958ರ ಸೆಪ್ಟೆಂಬರ್ 27ರಂದು ಅದನ್ನು ದಾಟಿದ ಮೊದಲ ಭಾರತೀಯರಾದರು. ಮರುವರ್ಷ ಆರತಿ ಸಾಹಾ ಮೊದಲ ಯತ್ನದಲ್ಲಿ ವಿಫಲರಾಗಿ, ಸೆಪ್ಟೆಂಬರ್ 29ರಂದು ಮತ್ತೆ ಇಳಿದು 16 ಗಂಟೆ 20 ನಿಮಿಷಗಳಲ್ಲಿ ದಡ ಸೇರಿದರು. ಕಾಲುವೆಯನ್ನು ಈಜಿದ ಮೊದಲ ಏಷ್ಯಾದ ಮಹಿಳೆ ಅವರು. ಬೆಚ್ಚನೆಯ ನಾಡಿನಲ್ಲಿ ಬೆಳೆದವರು ಆ ನೀರಿನಲ್ಲಿ ಗೆದ್ದದ್ದು ಧೈರ್ಯದಿಂದ ಮಾತ್ರವಲ್ಲ, ಸಿದ್ಧತೆಯಿಂದ. ಜೊತೆಗೆ ದೋಣಿಯಲ್ಲಿ ಕಾವಲಿದ್ದವರಿಂದ.

ತಿಳಿದವರ ಮಾತು

ತಣ್ಣೀರಿನ ತೀರದ ಅಪಾಯ ಚಳಿಯೊಂದೇ ಅಲ್ಲ. ಇಂಗ್ಲೆಂಡಿನ ವಾಯವ್ಯದಲ್ಲಿರುವ ಮೋರ್‌ಕಂಬ್ ಕೊಲ್ಲಿಯಲ್ಲಿ ಇಳಿತದ ಹೊತ್ತಿಗೆ ನೀರು ಮೈಲಿಗಟ್ಟಲೆ ಹಿಂದೆ ಸರಿದು ವಿಶಾಲವಾದ ಮರಳು ಬಯಲಾಗುತ್ತದೆ. ಉಬ್ಬರ ಬಂದಾಗ ನೀರು ತಗ್ಗುಗಳ ಮೂಲಕ ಹಿಂದಿನಿಂದ ಬಂದು ಸುತ್ತುವರಿಯುತ್ತದೆ. ಕೆಲವೆಡೆ ಹೂಳುವ ಮರಳೂ ಇದೆ. ಆದ್ದರಿಂದ ಹದಿನಾರನೆಯ ಶತಮಾನದಿಂದಲೂ ಅಲ್ಲಿ ದಾರಿ ತೋರಿಸಲು ಅಧಿಕೃತ ಮಾರ್ಗದರ್ಶಿಯೊಬ್ಬರನ್ನು ನೇಮಿಸುವ ಪದ್ಧತಿ ಇದೆ.

2004ರ ಫೆಬ್ರವರಿ 5ರ ರಾತ್ರಿ, ನಮ್ಮ ಕರಾವಳಿಯ ಮರುವಾಯಿಯಂಥ ಚಿಪ್ಪುಗಳನ್ನು ಹೆಕ್ಕಲು ಆ ಬಯಲಿಗೆ ಹೋಗಿದ್ದ ಚೀನಾದ ವಲಸೆ ಕಾರ್ಮಿಕರನ್ನು ಉಬ್ಬರ ಸುತ್ತುವರಿಯಿತು. ಕನಿಷ್ಠ 21 ಮಂದಿ ಸತ್ತರು. ಅವರಿಗೆ ಆ ಕಡಲಿನ ಪರಿಚಯವಿರಲಿಲ್ಲ, ಅಲ್ಲಿನ ಭಾಷೆ ಬಾರದು; ಕೂಲಿಯ ಆಸೆಗೆ ಅವರನ್ನು ಕಳಿಸಿದವರು ಹೊತ್ತು ಗೊತ್ತು ನೋಡಲಿಲ್ಲ. ಅದೇ ವರ್ಷ ಬ್ರಿಟನ್ ಇಂಥ ಕೂಲಿಮೇಸ್ತ್ರಿಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾಯಿದೆ ತಂದಿತು. ಕಡಲಿನ ಅಪಾಯ ಎಲ್ಲರಿಗೂ ಒಂದೇ ಎನ್ನುತ್ತೇವೆ. ಆದರೆ ತಿಳಿಸಿಕೊಡುವವರಿಲ್ಲದ ಬಡವನ ಪಾಲಿಗೆ ಅದು ಯಾವಾಗಲೂ ಹೆಚ್ಚು.

ನಮ್ಮ ತೀರಕ್ಕೆ ಮರಳಿ

ನಮ್ಮ ಕಡಲು ಬೆಚ್ಚಗಿದೆ. ಇಲ್ಲಿ ಶೀತಾಘಾತದ ಭಯವಿಲ್ಲ. ಆದರೆ ಇಲ್ಲಿ ಸೆಳೆತವಿದೆ. ದಡಕ್ಕೆ ಬಡಿದ ಅಲೆಗಳ ನೀರು ಕಿರಿದಾದ ದಾರಿಯಲ್ಲಿ ಹೊಳೆಯಂತೆ ಹಿಂದಕ್ಕೆ ಹರಿಯುತ್ತದೆ. ಅಲೆ ಕಡಿಮೆಯಿರುವ, ಶಾಂತವಾಗಿ ಕಾಣುವ ಜಾಗವೇ ಹಲವು ಸಲ ಸೆಳೆತದ ಜಾಗ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲುಪಾಲಾದರು. ಅವರು ನಿಮ್ಮ ಓರಗೆಯವರು. ಬಯಲುಸೀಮೆಯಿಂದ ಕಡಲು ನೋಡುವ ಆಸೆಯಿಂದ ಬಂದಿದ್ದವರು.

ಆದ್ದರಿಂದ ಈ ಕೆಲವು ಮಾತುಗಳನ್ನು ನೆನಪಿಡಿ. ನೀರಿಗೆ ಇಳಿಯುವ ಮುನ್ನ ಆ ಊರಿನ ಮೀನುಗಾರರನ್ನೋ ಕಾವಲಿನವರನ್ನೋ ಕೇಳಿ. ಅವರು ಬೇಡ ಎಂದರೆ ಬೇಡ. ಕೆಂಪು ಬಾವುಟವಿದ್ದಲ್ಲಿ, ಮಳೆಗಾಲದಲ್ಲಿ ನೀರಿಗಿಳಿಯಬೇಡಿ. ಸೆಳೆತಕ್ಕೆ ಸಿಕ್ಕರೆ ನೇರ ದಡದತ್ತ ಈಜಿ ಸುಸ್ತಾಗಬೇಡಿ. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬರಬೇಕು. ಅದಕ್ಕೂ ಮೊದಲು ಮಾಡಬೇಕಾದ್ದು ತೇಲುವುದು. ತಲೆಯನ್ನು ಹಿಂದಕ್ಕೆ ವಾಲಿಸಿ, ಕಿವಿ ನೀರಿನಲ್ಲಿದ್ದರೂ ಅಂಜದೆ, ಬೆನ್ನ ಮೇಲೆ ಮಲಗಿ, ಕೈಗಳನ್ನು ಮೆಲ್ಲಗೆ ಆಡಿಸುತ್ತ ಉಸಿರು ಹತೋಟಿಗೆ ಬರುವವರೆಗೆ ಕಾಯಿರಿ. ಆಮೇಲೆ ಕೈಯೆತ್ತಿ ಕೂಗಿ. ತಣ್ಣೀರಿನ ಕಡಲಿಗೆಂದು ಬ್ರಿಟನ್ನಿನ ರಕ್ಷಣಾ ಸಂಸ್ಥೆ ಜನರಿಗೆ ಹೇಳಿಕೊಡುವ ಈ ಉಪಾಯ ಬೆಚ್ಚನೆಯ ಕಡಲಿನಲ್ಲಿಯೂ ಉಪಯುಕ್ತ. ಗೆಳೆಯ ಮುಳುಗುತ್ತಿದ್ದರೆ ನೀವೂ ಹಾರಬೇಡಿ. ಹಗ್ಗ, ಬಿದಿರು, ಮುಚ್ಚಳ ಹಾಕಿದ ಖಾಲಿ ಕ್ಯಾನು, ತೇಲುವುದು ಏನು ಸಿಕ್ಕರೂ ಎಸೆಯಿರಿ. ಸಹಾಯಕ್ಕೆ ಕೂಗಿ, 112ಕ್ಕೆ ಫೋನ್ ಮಾಡಿ.

ಸ್ಕಾರ್‌ಬರೋದ ಒರತೆಯಿಂದ ಆರಂಭವಾದ ಕಥೆ ಇಲ್ಲಿಗೆ ಬಂದು ನಿಂತಿತು. ಕಡಲನ್ನು ಪ್ರೀತಿಸಲು ಮನುಷ್ಯ ಬೇಗ ಕಲಿತ. ಅದನ್ನು ಅರಿಯಲು ಬಹಳ ಕಾಲ ತೆಗೆದುಕೊಂಡ. ನಡುವಿನ ಆ ಅಂತರದಲ್ಲಿ ಹೋದ ಪ್ರಾಣಗಳಿಗೆ ಲೆಕ್ಕವಿಲ್ಲ. ಆ ಅರಿವು ಈಗ ನಿಮ್ಮ ಕೈಯಲ್ಲಿದೆ. ಮುಂದಿನ ಪ್ರವಾಸಕ್ಕೆ ಹೊರಡುವ ಮುನ್ನ ಇದನ್ನು ನಿಮ್ಮ ತರಗತಿಯಲ್ಲಿ ಒಮ್ಮೆ ಓದಿ ಹೇಳಿ. ಕಡಲನ್ನು ನೋಡಿ, ಆನಂದಿಸಿ, ಎಲ್ಲರೂ ಒಟ್ಟಿಗೆ ಮನೆಗೆ ಬನ್ನಿ.